ಗೋಡೆ ಮುಚ್ಚುವ ಮುನ್ನ



ಮನೆಯ ಒಳಾಂಗಣ ವಿನ್ಯಾಸವನ್ನು ಕುರಿತು ವೈದ್ಯರು ಮಾತನಾಡಲು ನಿಂತಿರುವುದು ತಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಬಣ್ಣ, ಪರದೆ, ಸೋಫಾಗಳ ವಿಷಯದಲ್ಲಿ ನಮಗೆ ಪಾಂಡಿತ್ಯವಿಲ್ಲ. ಆದರೆ ಮನೆಯೊಳಗೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ನೋಡುತ್ತ ಬಂದಿರುವ, ಇಲ್ಲಿಯೇ ಮನೆ ಕಟ್ಟಿಸಿ ವಾಸಿಸುತ್ತಿರುವ ನಮಗೆ ಒಂದು ಮಾತು ಸ್ಪಷ್ಟವಾಗಿದೆ. ಒಳಾಂಗಣದ ಮುಖ್ಯ ಕೆಲಸ ಗೋಡೆಗಳನ್ನು ಮುಚ್ಚುವ ಮುನ್ನವೇ ಮುಗಿದಿರಬೇಕು.

ನಮ್ಮೂರುಗಳಲ್ಲಿ ಕ್ರಮ ಬೇರೆ. ಇಟ್ಟಿಗೆಯ ಗೋಡೆ ಎದ್ದ ಮೇಲೂ ಉಳಿ ಸುತ್ತಿಗೆ ಹಿಡಿದು, ಗೋಡೆ ಕೊರೆದು ವೈರು ಎಳೆಯುತ್ತಾರೆ. ಬಡಗಿಯು ಮನೆಗೇ ಬಂದು, ತಿಂಗಳುಗಟ್ಟಲೆ ಕುಳಿತು, ಮನೆಯೊಡತಿಯ ಎತ್ತರ ನೋಡಿ ಅಡುಗೆಮನೆಯ ಕಪಾಟು ಮಾಡಿಕೊಡುತ್ತಾನೆ. ‘ಆಮೇಲೆ ನೋಡಿಕೊಳ್ಳೋಣ’ ಎಂಬ ಮಾತಿಗೆ ಅಲ್ಲಿ ಅವಕಾಶವಿದೆ. ಇಲ್ಲಿನ ಮನೆಯಾದರೋ ಮರದ ಪಂಜರ. ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ನಿಲ್ಲಿಸಿದ ಮರದ ಕಂಬಗಳು, ಅವುಗಳ ನಡುವೆ ನೀರಿನ ಕೊಳವೆ, ವಿದ್ಯುತ್ ತಂತಿ, ಗಾಳಿಯ ನಾಳ. ಇನ್ಸ್‌ಪೆಕ್ಟರರು ನೋಡಿ ಒಪ್ಪಿದ ಮೇಲೆ, ಅರ್ಧ ಅಂಗುಲ ದಪ್ಪದ ಜಿಪ್ಸಂ ಹಲಗೆ, ಅಂದರೆ ಡ್ರೈವಾಲ್, ಅವನ್ನೆಲ್ಲ ಮುಚ್ಚಿಬಿಡುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯನ್ನು ಹೊಲಿಯುವ ಮುನ್ನ ದಾದಿಯರು ಬಟ್ಟೆಯ ತುಂಡುಗಳನ್ನೂ ಸಲಕರಣೆಗಳನ್ನೂ ಗಟ್ಟಿಯಾಗಿ ಎಣಿಸುವ ಪದ್ಧತಿಯುಂಟು. ಮನೆಗೂ ಅಂಥದೊಂದು ಎಣಿಕೆ ಬೇಕು.

ಆದುದರಿಂದ ಒಳಾಂಗಣ ವಿನ್ಯಾಸಕರ ನೆರವು ಬೇಕೆಂದಾದರೆ ಅಡಿಪಾಯಕ್ಕೆ ಮೊದಲೇ ಅವರನ್ನು ಗೊತ್ತುಮಾಡಬೇಕು. ಮಂಚ ಎಲ್ಲಿ ಬರುವುದೆಂದು ತಿಳಿಯದೆ ಸ್ವಿಚ್ಚು ಎಲ್ಲಿರಬೇಕೆಂದು ಹೇಳಲಾಗದು. ಕಪಾಟುಗಳು ಕಾರ್ಖಾನೆಯಿಂದ ಬರಲು ಅನೇಕ ವಾರಗಳು ಹಿಡಿಯುತ್ತವೆ. ಬಿಲ್ಡರನ ಕೈಯಲ್ಲೂ ವಿನ್ಯಾಸಕರ ಕೈಯಲ್ಲೂ ಒಂದೇ ನಕ್ಷೆಯಿರಬೇಕು. ಯಾವ ಬದಲಾವಣೆಯಾದರೂ ಅದರ ಬೆಲೆಯನ್ನೂ ಹಿಡಿಯುವ ಹೆಚ್ಚುವರಿ ದಿನಗಳನ್ನೂ ಬರೆದು, ಇಬ್ಬರೂ ಸಹಿ ಮಾಡಿದ ‘ಚೇಂಜ್ ಆರ್ಡರ್’ ಆಗಬೇಕು. ಮನೆಯವರ ಪರವಾಗಿ ಒಬ್ಬರೇ ಮಾತನಾಡುವುದು ಕ್ಷೇಮ. ಬೆಳಿಗ್ಗೆ ಪತಿ ಒಂದು, ಸಂಜೆ ಪತ್ನಿ ಇನ್ನೊಂದು ಹೇಳಿದರೆ, ಕೆಲಸದವನು ತನಗೆ ಸುಲಭವಾದ ಮೂರನೆಯದನ್ನು ಮಾಡುತ್ತಾನೆ!

ಅಡುಗೆಮನೆಯಲ್ಲಿ ನಮ್ಮ ಅಗತ್ಯವನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಒಗ್ಗರಣೆಯ ಘಾಟು ಇಲ್ಲಿನ ವಿನ್ಯಾಸಕರ ಕಲ್ಪನೆಗೆ ನಿಲುಕುವುದಲ್ಲ. ಒಲೆಯ ಮೇಲಿನ ಹುಡ್ ಕೆಲವು ಮನೆಗಳಲ್ಲಿ ಹೊಗೆಯನ್ನು ಜರಡಿಯ ಮೂಲಕ ಹಾಯಿಸಿ ಮತ್ತೆ ಕೋಣೆಗೇ ಬಿಡುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ಅದರಿಂದ ಪ್ರಯೋಜನ ಕಡಮೆ. ಹೊರಗೋಡೆಯವರೆಗೆ ನಾಳ ಬೇಕೆಂದು ಆರಂಭದಲ್ಲೇ ಬರೆಸಬೇಕು. ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಗಾಳಿಯನ್ನು ಹೊರದೂಡುವ ಹುಡ್ ಆದರೆ, ಒಳಬರುವ ಗಾಳಿಗೂ ದಾರಿ ಮಾಡಬೇಕೆಂದು ಅನೇಕ ಕಡೆಯ ಕಟ್ಟಡ ನಿಯಮಗಳು ವಿಧಿಸುತ್ತವೆ.

ಗ್ರಾನೈಟಿನ ಬಣ್ಣಕ್ಕೆ ಮೂರು ವಾರ ಚರ್ಚಿಸಿ, ಬಚ್ಚಲುಮನೆಯನ್ನು ಮೂರು ನಿಮಿಷದಲ್ಲಿ ತೀರ್ಮಾನಿಸಿದ ಕುಟುಂಬಗಳನ್ನು ನಾವು ಬಲ್ಲೆವು. ಈ ದೇಶದಲ್ಲಿ 65 ವರ್ಷ ದಾಟಿದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಪ್ರತಿ ವರ್ಷ ಬೀಳುತ್ತಾರೆ. ಆರು ತಿಂಗಳ ಮಟ್ಟಿಗೆ ಬರುವ ನಮ್ಮ ತಂದೆ ತಾಯಿಯರಿಗೆ ಮೆಡಿಕೇರಿನ ಆಸರೆಯೂ ಇಲ್ಲ. ಬಕೆಟ್ಟು ಚೊಂಬಿನ ಸ್ನಾನಕ್ಕೆ ಒಗ್ಗಿಹೋದ ಅವರು ಟಬ್ಬಿನ ಎತ್ತರದ ಅಂಚನ್ನು ಒದ್ದೆಗಾಲಿನಲ್ಲಿ ದಾಟಬೇಕು. ಟಬ್ಬಿನ ಹೊರಗೆ ಚೆಲ್ಲಿದ ನೀರು ಹರಿದುಹೋಗಲು ಇಲ್ಲಿನ ಬಚ್ಚಲಿನ ನೆಲದಲ್ಲಿ ಸಾಮಾನ್ಯವಾಗಿ ಕಂಡಿಯೂ ಇರುವುದಿಲ್ಲ. ಜಾರಿದಾಗ ಕೈ ಸಹಜವಾಗಿ ಟವೆಲ್ಲಿನ ಸರಳನ್ನು ಹಿಡಿಯುತ್ತದೆ. ಬರಿಯ ಜಿಪ್ಸಂ ಹಲಗೆಗೆ ಕಚ್ಚಿಕೊಂಡಿರುವ ಆ ಸರಳು ಮನುಷ್ಯನ ಭಾರಕ್ಕೆ ಕಿತ್ತುಬರುತ್ತದೆ.

ಕೆಳಗಿನ ಮಹಡಿಯಲ್ಲೇ ಅವರಿಗೊಂದು ಕೋಣೆ, ಅದಕ್ಕೆ ಸೇರಿದಂತೆ ಅಂಚಿಲ್ಲದ ಸ್ನಾನದ ಸ್ಥಳ, ಕೂರಲು ಪೀಠ, ಕೈಯಲ್ಲಿ ಹಿಡಿಯುವ ಷವರ್ ಇರಲಿ. ಅಂಚಿಲ್ಲದ ನೆಲಕ್ಕೆ ಇಳಿಜಾರು ಬೇಕಾದುದರಿಂದ, ನೆಲದ ತೊಲೆಗಳನ್ನು ಹಾಕುವ ಮುನ್ನವೇ ಅದನ್ನು ತಿಳಿಸಬೇಕು. ಗೋಡೆಯ ಕಂಬಗಳ ನಡುವೆ, ನೆಲದಿಂದ 33ರಿಂದ 36 ಅಂಗುಲದ ಎತ್ತರವನ್ನು ಒಳಗೊಳ್ಳುವಂತೆ, ಅಡ್ಡಡ್ಡಲಾಗಿ ದಪ್ಪ ಮರದ ತುಂಡುಗಳನ್ನು ಹೊಡೆಸಬೇಕು. ಹಿಡಿಕೆಗಳು ಇಂದೇ ಬೇಡವೆನಿಸಿದರೆ ಹತ್ತು ವರ್ಷಗಳ ನಂತರ ಹಾಕಿಸಬಹುದು. ಒಳಗಿನ ಮರವನ್ನು ಮಾತ್ರ ಈಗಲೇ ಇಡಬೇಕು. ಸಾರ್ವಜನಿಕ ಕಟ್ಟಡಗಳಲ್ಲಿ ಇಂಥ ಹಿಡಿಕೆ 250 ಪೌಂಡು ಭಾರ ತಡೆಯಬೇಕೆಂಬ ನಿಯಮವಿದೆ. ಖಾಸಗಿ ಮನೆಗೆ ಅದು ಅನ್ವಯಿಸದಿದ್ದರೂ ಅಳತೆಗೋಲಾಗಿ ಒಳ್ಳೆಯದು. ಬಾಗಿಲು 36 ಅಂಗುಲದ್ದಾದರೆ ಗಾಲಿಕುರ್ಚಿಗೆ ಬೇಕಾದ 32 ಅಂಗುಲದ ತೆರವು ದೊರೆಯುತ್ತದೆ. ಮಂಚದಿಂದಲೇ ಕೈಗೆಟಕುವ ಸ್ವಿಚ್ಚೊಂದು ಬಚ್ಚಲಿನ ದಾರಿಯ ದೀಪಕ್ಕೂ ಇರಲಿ. ಇದೆಲ್ಲ ತಂದೆ ತಾಯಿಯರಿಗೆಂದು ಹೇಳುತ್ತಿದ್ದೇವೆ. ಐವತ್ತು ದಾಟಿದ ನಮಗೇ ಬೇಗನೆ ಉಪಯೋಗಕ್ಕೆ ಬಂದರೂ ಬರಬಹುದು.

ದೀಪ, ಟೈಲ್ಸುಗಳಿಗೆ ಒಪ್ಪಂದದಲ್ಲಿ ಬರೆದಿರುವ ‘ಅಲೋವೆನ್ಸ್’ ಮೊತ್ತ ಬಹಳ ಸಲ ಸಾಲದು. ಸಹಿಗೆ ಮೊದಲೇ ಅಂಗಡಿಯ ಬೆಲೆ ವಿಚಾರಿಸಿರಿ.

ಡ್ರೈವಾಲ್ ಬರುವ ಕೆಲವು ದಿನ ಮುಂಚೆ, ತಿದ್ದಲು ಇನ್ನೂ ಸಮಯವಿರುವಾಗ, ವಿನ್ಯಾಸಕರೊಡನೆ ನಕ್ಷೆ ಹಿಡಿದು ಕೋಣೆ ಕೋಣೆಗೂ ಹೋಗಿ. ದೇವರ ಮನೆಯ ದೀಪದ ಪ್ಲಗ್ಗಿನಿಂದ ಹಿಡಿದು ಬಚ್ಚಲಿನ ಮರದ ತುಂಡಿನವರೆಗೆ ಒಂದೊಂದನ್ನೂ ಮುಟ್ಟಿ ಎಣಿಸಿ. ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಛಾಯಾಚಿತ್ರ ತೆಗೆದು, ಮನೆಯ ಕಾಗದಪತ್ರಗಳ ಜೊತೆಯಲ್ಲಿಡಿ. ಮುಂದೊಂದು ದಿನ ಹಿಡಿಕೆ ಹಾಕಲು ಬರುವವನು ಮರ ಎಲ್ಲಿದೆಯೆಂದು ಕೇಳಿದಾಗ ಆ ಚಿತ್ರವನ್ನೇ ತೋರಿಸಬಹುದು.

ಈಗ ಕಟ್ಟಿಸುತ್ತಿರುವವರು ತಮ್ಮ ನಕ್ಷೆ ತಂದಿದ್ದರೆ, ಊಟದ ಹೊತ್ತಿನಲ್ಲಿ ಕುಳಿತು ನೋಡೋಣ.