ಟ್ಯೂಬಿಗೆ ಜಗ್ಗದ ಕೆಚ್ಚಲು ಬಾವು
(ಸಂಸೆಯ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯರ ಭಾಷಣ)



ಟ್ಯೂಬಿನ ಮೇಲೆ ಟ್ಯೂಬು ಹಾಕಿದರೂ ಕೆಚ್ಚಲು ಬಾವು ಇಳಿಯದಿದ್ದರೆ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕನ್ನೂ ಶಂಕಿಸಬೇಕು. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಯೀಸ್ಟನ್ನಲ್ಲ. ನಮ್ಮ ಮಳೆಗಾಲದಲ್ಲಿ ಕೊಟ್ಟಿಗೆಯ ಸೊಪ್ಪು ಒಣಗುವುದೇ ಇಲ್ಲ. ಆ ಕೊಳೆ ಅಂಟಿದ ತೊಟ್ಟನ್ನು ಒರೆಸದೆ ಟ್ಯೂಬು ತೂರಿಸಿದರೆ ರೋಗವನ್ನು ನಾವೇ ಒಳಗೆ ತಳ್ಳಿದಂತೆ.

ಕೆಚ್ಚಲು ಊದಿ, ಜ್ವರ ಬಂದು, ಹಾಲು ಇಳಿಯುತ್ತದೆ. ಆದರೂ ಅನೇಕ ಹಸುಗಳು ಮೇವು ಬಿಡುವುದಿಲ್ಲ. ಕಣ್ಣಂದಾಜು ಸಾಲದು, ಹಾಲಿನ ಪರೀಕ್ಷೆ ಆಗಲೇಬೇಕು. ಯೀಸ್ಟೆಂದು ಖಚಿತವಾದರೆ ವೈದ್ಯರು ಆ್ಯಂಟಿಬಯೋಟಿಕ್ ಟ್ಯೂಬು ನಿಲ್ಲಿಸಿ, ದಿನಕ್ಕೆ ಹಲವು ಸಲ ಕೆಚ್ಚಲು ಬರಿದಾಗುವಂತೆ ಹಿಂಡಿಸುತ್ತಾರೆ. ಅಷ್ಟರಲ್ಲೇ 2ರಿಂದ 6 ವಾರಗಳಲ್ಲಿ ಬಹಳಷ್ಟು ಹಸುಗಳು ಗುಣವಾಗುತ್ತವೆ. ಟ್ಯೂಬಿನ ದುಡ್ಡೂ ಉಳಿಯಿತೆನ್ನಿ. ಆ ಹಾಲು ಡೇರಿಗೂ ಬೇಡ, ಕರುವಿಗೂ ಬೇಡ.

ಟ್ಯೂಬು ಹಾಕುವ ಮುನ್ನ ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ. ಒಮ್ಮೆ ಒಡೆದ ಟ್ಯೂಬನ್ನು ನಾಳೆಗೆಂದು ಎತ್ತಿಡಬೇಡಿ.