ಕರುಳಿನ ಅರ್ಬುದರೋಗವೂ ಬಂಧುಗಳ ಎಚ್ಚರವೂ



ಮನೆಯಲ್ಲೊಬ್ಬರಿಗೆ ದೊಡ್ಡ ಕರುಳಿನ ಅರ್ಬುದರೋಗವು, ಎಂದರೆ ಕ್ಯಾನ್ಸರು, ಕಂಡುಬಂದರೆ, ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಅದನ್ನು ಮುಚ್ಚಿಡುವವರುಂಟು. ಆ ಮೌನದಿಂದ ಕೆಡುವವರು ಆ ಮಕ್ಕಳೇ. ಏಕೆಂದರೆ ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಈ ರೋಗದ ಸಂಭವವು ಇತರರಿಗಿಂತ ಸುಮಾರು ಇಮ್ಮಡಿ. ರೋಗಿಗೆ 50 ವರ್ಷದೊಳಗೇ ಅದು ಕಂಡಿದ್ದರೆ ಇನ್ನೂ ಹೆಚ್ಚು.

1895ರಲ್ಲಿ ಅಮೆರಿಕದ ಹೊಲಿಗೆಯವಳೊಬ್ಬಳು, ತನ್ನ ವಂಶದವರಂತೆ ತಾನೂ ಅರ್ಬುದದಿಂದಲೇ ಮಡಿಯುವೆನೆಂದು ವಾರ್ಥಿನ್ ಎಂಬ ಪಂಡಿತರಲ್ಲಿ ಹೇಳಿಕೊಂಡಳು. ಆಕೆಯ ಮಾತು ನಿಜವಾಯಿತು. ಅವರು ಆ ವಂಶಾವಳಿಯನ್ನು ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಲಿಂಚ್ ಎಂಬ ವೈದ್ಯರ ಹೆಸರಿನಿಂದ ಇಂದು ಪ್ರಸಿದ್ಧವಾದ ಈ ವಂಶದೋಷವು ತಂದೆಯಲ್ಲಾಗಲಿ ತಾಯಿಯಲ್ಲಾಗಲಿ ಇದ್ದರೆ, ಪ್ರತಿಯೊಂದು ಶಿಶುವಿಗೂ ಬರುವ ಸಂಭವವು ನೂರಕ್ಕೆ 50. ಅಂಥ ಮನೆತನದವರು ಚಿಕ್ಕ ವಯಸ್ಸಿನಲ್ಲಿಯೇ ವೈದ್ಯರನ್ನು ಕಾಣತಕ್ಕದ್ದು.

ಆದರೆ ಇದು ಹಣೆಬರಹವಲ್ಲ. ಈ ಅರ್ಬುದವು ಹೆಚ್ಚಾಗಿ ಸಣ್ಣ ಮಾಂಸಾಂಕುರವಾಗಿ ಹುಟ್ಟಿ, ವರ್ಷಗಟ್ಟಲೆ ಬೆಳೆದು, ಬಳಿಕ ಕೆಡುವುದು. ಕೊಲೊನೋಸ್ಕೋಪಿ ಎಂಬ ನಳಿಗೆಯ ಪರೀಕ್ಷೆಯಲ್ಲಿ ಅದನ್ನು ಕಂಡು ಆಗಲೇ ತೆಗೆಯಬಹುದು. ಸಮೀಪಬಂಧುಗಳು 40ನೆಯ ವಯಸ್ಸಿನಲ್ಲಿ, ಇಲ್ಲವೆ ರೋಗಿಗೆ ರೋಗ ಕಂಡ ವಯಸ್ಸಿಗೆ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ, ಪರೀಕ್ಷಿಸಿಕೊಳ್ಳಬೇಕೆಂದು ವೈದ್ಯರ ಮತ. ತಂದೆಗೆ 45ರಲ್ಲಿ ಕಂಡಿದ್ದರೆ ಮಕ್ಕಳು 35ರಲ್ಲಿ ಹೋಗತಕ್ಕದ್ದು. ಈ ಪರೀಕ್ಷೆಯು ನಮ್ಮ ಮಂಗಳೂರಿನಲ್ಲಿಯೇ ದೊರೆಯುವುದು.

ಲಿಂಗಕ್ಕೆ ನೆಲೆಯಾದ ಅಂಗವನ್ನು ಕಾಯುವುದೂ ಕಾಯಕವೇ. ಆದುದರಿಂದ ಮುಚ್ಚಿಡದಿರಿ, ರೋಗದ ಹೆಸರನ್ನೂ ಅದು ಕಂಡ ವಯಸ್ಸನ್ನೂ ನಿಮ್ಮವರಿಗೆ ತಿಳಿಸಿರಿ.