ಕಾಯಕಕ್ಕೆ ನಿವೃತ್ತಿಯಿಲ್ಲ

 

ನೌಕರಿಗೆ ನಿವೃತ್ತಿ ಉಂಟು. ಕಾಯಕಕ್ಕೆ ಉಂಟೇ? ಇದಕ್ಕೆ ಬ್ರಿಟನ್ನಿನ ಅಜ್ಜಿಯರು ಉತ್ತರ ಕೊಟ್ಟಿದ್ದಾರೆ. ವಾರಕ್ಕೊಂದು ಗಂಟೆ ಕೊಡಬಲ್ಲ ಅಜ್ಜಿಯರು ಬೇಕೆಂದು 2009ರಲ್ಲಿ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಸುಗತ ಮಿತ್ರ ಕರೆ ಕೊಟ್ಟರು. ಮುಂದೆ ಬಂದವರಲ್ಲಿ ಅನೇಕರು ನಿವೃತ್ತ ಶಿಕ್ಷಕರು. ಮನೆಯಲ್ಲೇ ಕುಳಿತು, ಸ್ಕೈಪ್ ಮೂಲಕ ಭಾರತದ ಬಡ ಮಕ್ಕಳಿಗೆ ಕಥೆ ಓದಿದರು, ಇಂಗ್ಲಿಷಿನಲ್ಲಿ ಹರಟಿದರು. ‘ಗ್ರ್ಯಾನಿ ಕ್ಲೌಡ್’ ಎಂದು ಅದಕ್ಕೆ ಹೆಸರಾಯಿತು.

ಅವರ ಕೆಲಸ ವ್ಯಾಕರಣ ಬೋಧಿಸುವುದಲ್ಲ; “ಭಲೇ, ಇದನ್ನು ಹೇಗೆ ಮಾಡಿದೆ?” ಎಂದು ಬೆನ್ನು ತಟ್ಟುವುದು. ಕನ್ನಡ ಶಾಲೆಯಿಂದ ಇಂಜಿನಿಯರಿಂಗ್ ಕಾಲೇಜಿಗೆ ಹೋದ ನನಗೆ ಅದರ ಬೆಲೆ ಗೊತ್ತು. ಲೆಕ್ಕ ಬರುತ್ತಿತ್ತು, ಇಂಗ್ಲಿಷಿನಲ್ಲಿ ಬಾಯಿ ಬಿಡಲು ಹೆದರಿಕೆ.

ಅನ್ನ ದಾಸೋಹ, ಜ್ಞಾನ ದಾಸೋಹಗಳನ್ನು ಮಠಗಳು ನಡೆಸುತ್ತಿವೆ. ಮಾತಿನ ದಾಸೋಹ ನಮ್ಮ ಪಾಲಿಗಿದೆ. ನಮ್ಮಲ್ಲಿ ಎಷ್ಟೋ ಮಂದಿ ಅಮೆರಿಕದ ಮಗನ ಮನೆಗೆ ಹೋಗಿ, ಆರು ತಿಂಗಳು ಕಿಟಕಿ ನೋಡುತ್ತ ಕೂರುತ್ತೇವೆ. ಅಲ್ಲಿಯ ಸಂಜೆ ಇಲ್ಲಿಯ ಮುಂಜಾನೆ. ಆ ಹೊತ್ತಿನಲ್ಲಿ ನಮ್ಮೂರ ಮಠದ ಪ್ರಸಾದನಿಲಯದ ಮಕ್ಕಳೊಡನೆ ಮಾತನಾಡಬಾರದೇ? ಒಂದು ಕಂಪ್ಯೂಟರ್, ಮಕ್ಕಳ ಪಕ್ಕದಲ್ಲಿ ಒಬ್ಬ ಮೇಷ್ಟ್ರು, ಗೊತ್ತುಮಾಡಿದ ವೇಳೆ, ಇಷ್ಟು ಸಾಕು. ಎದುರಿನ ಮಗು ಯಾವ ಜಾತಿಯದೆಂದು ಕೇಳಬೇಡಿ; ಬಸವಣ್ಣನವರ ಹೆಸರು ಹೇಳುವವರಿಗೆ ಅದು ಸಲ್ಲದು. ಒಪ್ಪಿಕೊಂಡ ವಾರ ತಪ್ಪಿಸಲೂ ಬೇಡಿ. ಮಕ್ಕಳು ಕಾದು ಕುಳಿತಿರುತ್ತಾರೆ.